ಜೋನಿ ಬೆಲ್ಲದ ಮಫಿನ್ ಒಳಗೆ ಅಂಟಂಟು ಯಾಕೆ?

ಪ್ರಶ್ನೆ (ಶಿರಸಿಯಿಂದ): ಅಕ್ಕಾ, ನಮ್ಮನೆಯವರಿಗೆ ಡಾಕ್ಟರು ಸಿಹಿ ಕಡಿಮೆ ಮಾಡಿ ಎಂದಿದ್ದಾರೆ. ಹಿತ್ತಲಲ್ಲಿ ಸಿಹಿಗುಂಬಳ ರಾಶಿ ಬಿದ್ದಿದೆ. ಅದನ್ನೇ ತುರಿದು ಮಸಾಲೆ ಮಫಿನ್ ಮಾಡಿದೆ. ಮೊಟ್ಟೆ ನಮ್ಮಲ್ಲಿಲ್ಲ, ಮೊಸರು ಹಾಕಿದೆ. ಒಂದು ಕಪ್ ಸಕ್ಕರೆ ಬದಲು ಒಂದು ಕಪ್ ಜೋನಿ ಬೆಲ್ಲ, ಅಂದರೆ ನಮ್ಮ ಕಡೆಯ ನೀರು ಬೆಲ್ಲ. ಉಬ್ಬಲಿ ಎಂದು ಅಡುಗೆ ಸೋಡಾ ಎರಡು ಟೀ ಚಮಚ. ಮೇಲೆ ಕಪ್ಪಾಯಿತು, ಒಳಗೆ ಹಲ್ವದ ಹಾಗೆ ಅಂಟು, ತಿಂದರೆ ಸಾಬೂನಿನ ರುಚಿ. ಅರ್ಧ ಕೊಟ್ಟಿಗೆಗೆ ಹೋಯಿತು. ತಪ್ಪಿದ್ದು ಎಲ್ಲಿ?

ಉತ್ತರ (ಕಾರವಾರದಿಂದ): ದನಕ್ಕಾದರೂ ಹಬ್ಬವಾಯಿತು ಬಿಡಿ ತಂಗೀ!

ಮೊದಲು ಸಿಹಿಯ ಲೆಕ್ಕ. ಒಂದು ಕಪ್ ಸಕ್ಕರೆ ಸುಮಾರು 200 ಗ್ರಾಂ. ಅದೇ ಕಪ್ ತುಂಬ ಜೋನಿ ಬೆಲ್ಲ ತೂಗಿ ನೋಡಿ, 300 ಗ್ರಾಂ ದಾಟುತ್ತದೆ. ಅದರಲ್ಲಿರುವ ನೀರು ಕಳೆದರೂ ನೀವು ಸಿಹಿ ಕಡಿಮೆ ಮಾಡಿದ ಹಾಗಾಗಲಿಲ್ಲ. ಮೇಲಿಂದ ನೀರು ಬೇರೆ ಸೇರಿತು. ಬೆಲ್ಲ ಬೇಗ ಕೆಂಪಾಗುತ್ತದೆ, ಹಾಗಾಗಿ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪು.

ಇನ್ನು ಕುಂಬಳ. ಅದನ್ನು ಹಿಂಡಿದ್ದಿರಾ? ನಮ್ಮ ಕಡೆ ತವಸಳಿ, ಅಂದರೆ ಸೌತೆಕಾಯಿ ಕೇಕ್, ಮಾಡುವಾಗ ಸೌತೆಕಾಯಿ ನೀರು ಚೆಲ್ಲುವುದಿಲ್ಲ, ಅಕ್ಕಿ ರವೆ ಅದನ್ನು ಕುಡಿಯುತ್ತದೆ. ಮೈದಾ ಹಾಗೆ ಕುಡಿಯುವುದಿಲ್ಲ, ಅಂಟಾಗಿ ಕೂರುತ್ತದೆ. ತುರಿಗೆ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿ. ಆ ನೀರು ಸಾರಿಗೆ ಹಾಕಿ, ಚೆಲ್ಲಬೇಡಿ. ಕ್ಯಾರೆಟ್ ಆದರೆ ಇಷ್ಟೆಲ್ಲ ಬೇಡ.

ಸಾಬೂನಿನ ರುಚಿ ಸೋಡಾದ್ದು. ಅದಕ್ಕೆ ಹುಳಿ ಸಿಕ್ಕಿದಷ್ಟೇ ಕೆಲಸ. ಉಳಿದದ್ದು ಬಾಯಿಗೆ ಬರುತ್ತದೆ.

ನನ್ನ ಅಳತೆ, 12 ಮಫಿನ್‌ಗೆ: ಗೋಧಿ ಹಿಟ್ಟು 120 ಗ್ರಾಂ, ಮೈದಾ 120 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಅರ್ಧ, ಉಪ್ಪು ಕಾಲು. ಇನ್ನೊಂದು ಪಾತ್ರೆಯಲ್ಲಿ ಜೋನಿ ಬೆಲ್ಲ 150 ಗ್ರಾಂ, ಹುಳಿ ಮೊಸರು 180 ಎಂಎಲ್, ಎಣ್ಣೆ 80 ಎಂಎಲ್, ಹಿಂಡಿದ ತುರಿ 150 ಗ್ರಾಂ. ಎರಡನ್ನೂ ಸೇರಿಸಿ ಸೌಟಿನಲ್ಲಿ ಹತ್ತು ಹನ್ನೆರಡು ಸಲ ತಿರುವಿ, ಸಾಕು. ಗಂಟಿದ್ದರೂ ಇರಲಿ. ಜಾಸ್ತಿ ಕಲಸಿದರೆ ರಬ್ಬರ್. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ತೀರಾ ಗಟ್ಟಿಯಾದರೆ ಒಂದೆರಡು ಚಮಚ ಹಾಲು. ಮುಕ್ಕಾಲು ತುಂಬಿಸಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿ, ಮಧ್ಯದ ತಟ್ಟೆಯಲ್ಲಿ 20ರಿಂದ 25 ನಿಮಿಷ. ಕಡ್ಡಿ ಚುಚ್ಚಿ ನೋಡಿ.

ಸಿಹಿ ಕಡಿಮೆ ಎಂದು ಗೊತ್ತಾಗದ ಹಾಗೆ ಮಾಡುವುದು ಮಸಾಲೆ. ಏಲಕ್ಕಿ ವಾಸನೆ ಬಂದರೆ ನಮ್ಮ ನಾಲಿಗೆಗೆ ಪಾಯಸವೇ ನೆನಪಾಗುತ್ತದೆ, ಅಲ್ವಾ? ಏಳೆಂಟು ಏಲಕ್ಕಿ ಆಗಲೇ ಕುಟ್ಟಿ ಹಾಕಿ. ದಾಲ್ಚಿನ್ನಿ ಒಂದು ಟೀ ಚಮಚ, ಜಾಯಿಕಾಯಿ ಒಂದು ಚಿಟಿಕೆ, ನಿಮ್ಮ ತೋಟದ ಕಾಳುಮೆಣಸು ಎರಡು ಚಿಟಿಕೆ. ಲವಂಗ ಒಂದೇ ಸಾಕು, ಜಾಸ್ತಿ ಆದರೆ ಕಹಿ.

ಒಂದು ಮಾತು. ಹಿಟ್ಟೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಬೆಲ್ಲ ಹಾಕಿದ್ದೇನೆಂದು ಅವರಿಗೆ ನಾಲ್ಕು ಕೊಡಬೇಡಿ.

ಪ್ರಶ್ನೆ (ಕುಮಟೆಯಿಂದ): ಸಿಹಿ ಕಡಿಮೆ ಹಾಕಿ ಮಾಡಿದ ಮಫಿನ್‌ಗೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸ್ಟು ಬಂತು. ಸಕ್ಕರೆ ಜಾಸ್ತಿ ಹಾಕಿದಾಗ ಹೀಗಾಗುತ್ತಿರಲಿಲ್ಲ.

ಉತ್ತರ: ಸಕ್ಕರೆ ನೀರನ್ನು ಹಿಡಿದಿಡುತ್ತದೆ, ಬೂಸ್ಟಿಗೆ ಸಿಗಗೊಡುವುದಿಲ್ಲ. ಅದು ಕಡಿಮೆಯಾದ ಮೇಲೆ, ಅದೂ ನಮ್ಮ ಕರಾವಳಿಯ ಜೂನ್ ಜುಲೈನಲ್ಲಿ, ಹೊರಗೆ ಒಂದು ದಿನ ಅಷ್ಟೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದಲ್ಲೇ ಮಳೆ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಒಂದು ತಿಂಗಳು.

ಶಿರಸಿಯಿಂದ ಮತ್ತೆ: ಹಿಂಡಿರಲಿಲ್ಲ ಅಕ್ಕಾ. ಭಾನುವಾರ ಇನ್ನೊಂದು ಕುಂಬಳ ಕೊಯ್ಯುತ್ತೇನೆ.