ಎಡಗಡೆ ಪವರ್ ವಿಂಡೋ ಇಳಿಯುತ್ತೆ, ಏರಲ್ಲ. ಮೋಟರ್ ಬದಲಿಸಬೇಕಾ?

ತೀರ್ಥಹಳ್ಳಿಗ:
ಹಳೇ ಹ್ಯಾಚ್‌ಬ್ಯಾಕ್. ಮುಂದಿನ ಎಡ ಬಾಗಿಲಿನ ಗ್ಲಾಸು ಅಲ್ಲಿಯ ಸ್ವಿಚ್ ಒತ್ತಿದರೆ ಇಳಿಯುತ್ತೆ, ಮೇಲೆ ಬರಲ್ಲ. ಡ್ರೈವರ್ ಕಡೆ ಸ್ವಿಚ್‌ನಿಂದ ಎರಡೂ ಆಗಲ್ಲ. ಗ್ಯಾರೇಜಿನವರು ಮೋಟರ್, ರೆಗ್ಯುಲೇಟರ್ (ಗ್ಲಾಸನ್ನ ಏರಿಸಿ ಇಳಿಸೋ ಮೆಕ್ಯಾನಿಸಂ) ಎರಡೂ ಹಾಕಿಸಿ ಅಂದರು. ಇಲ್ಲಿ ಮಳೆ ಬಿಡುವೇ ಕೊಡ್ತಿಲ್ಲ, ಗ್ಲಾಸು ಅರ್ಧಕ್ಕೆ ನಿಂತಿದೆ. ಮನೇಲೇ ಏನಾದ್ರೂ ಮಾಡಬಹುದಾ?

ತಂತಿಮನೆ:
ಸರ್, ಈಗಲೇ ಮೋಟರ್‌ಗೆ ದುಡ್ಡು ಸುರಿಯಬೇಡಿ. ಇಳಿಸೋದೂ ಏರಿಸೋದೂ ಒಂದೇ ಮೋಟರ್. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ತಿರುಗೋ ದಿಕ್ಕು ಬದಲಾಗುತ್ತೆ, ಅಷ್ಟೇ. ಫ್ಯೂಸ್ ಹೋಗಿದ್ರೆ ಇಳಿಯೋದೂ ನಿಲ್ತಿತ್ತು. ಮೇಲಕ್ಕೆ ಒತ್ತಿದಾಗ ಸದ್ದು ಬರುತ್ತಾ? ಒಳಗಿನ ಲೈಟ್ ಸ್ವಲ್ಪ ಮಂಕಾಗುತ್ತಾ?

ತೀರ್ಥಹಳ್ಳಿಗ:
ಎರಡೂ ಇಲ್ಲ.

ತಂತಿಮನೆ:
ಹಾಗಾದ್ರೆ ಆ ದಿಕ್ಕಿಗೆ ಕರೆಂಟೇ ಹರೀತಿಲ್ಲ. ಮಾಡ್ಯೂಲ್ (ಎಲೆಕ್ಟ್ರಾನಿಕ್ ಕಂಟ್ರೋಲ್ ಡಬ್ಬಿ) ಇಲ್ಲದ ಹಳೇ ವೈರಿಂಗ್‌ನಲ್ಲಿ ಎಡ ಸ್ವಿಚ್ ಒತ್ತಿದಾಗ ಕರೆಂಟ್ ಮೋಟರ್ ದಾಟಿ, ಡ್ರೈವರ್ ಸ್ವಿಚ್ ಮೂಲಕ ಅರ್ತ್‌ಗೆ, ಅಂದ್ರೆ ಮೈನಸ್ಸಿಗೆ ಸೇರುತ್ತೆ. ಈ ಎರಡು ಸ್ವಿಚ್‌ಗಳ ನಡುವೆ ಎರಡು ವೈರು ಓಡುತ್ತೆ. ಅದರಲ್ಲಿ ಒಂದು ತುಂಡಾದ್ರೆ ನೀವು ಹೇಳಿದ್ದೇ ಆಗೋದು: ಎಡ ಸ್ವಿಚ್ ಒಂದೇ ಕಡೆಗೆ ಕೆಲಸ ಮಾಡುತ್ತೆ, ಡ್ರೈವರ್ ಸ್ವಿಚ್ ಎರಡೂ ಕಡೆಗೆ ಸತ್ತಿರುತ್ತೆ. ಡ್ರೈವರ್ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದ್ರೂ ಗ್ಲಾಸು ಒಂದೇ ಕಡೆ ಓಡಬಹುದು, ಆದ್ರೆ ನನಗೆ ವೈರಿನ ಮೇಲೇ ಅನುಮಾನ.

ಬಾಗಿಲಿಗೂ ಬಾಡಿಗೂ ನಡುವೆ ರಬ್ಬರ್ ಕೊಳವೆ ಇದೆಯಲ್ಲ, ಬಾಗಿಲು ತೆಗೆದು ಹಾಕಿದಾಗೆಲ್ಲ ವೈರು ಮಡಚಿಕೊಳ್ಳೋದು ಅಲ್ಲೇ. ಎಡ ಸ್ವಿಚ್ ಮೇಲಕ್ಕೆ ಒತ್ತಿ ಹಿಡಿದು ಆ ಬಾಗಿಲನ್ನ ನಿಧಾನಕ್ಕೆ ಆಡಿಸಿ. ಆಮೇಲೆ ಇನ್ನೊಬ್ಬರಿಗೆ ಸ್ವಿಚ್ ಕೊಟ್ಟು ಡ್ರೈವರ್ ಬಾಗಿಲನ್ನೂ ಆಡಿಸಿ. ಯಾವ ಕೋನದಲ್ಲಿ ಗ್ಲಾಸು ಏರಿತೋ ಅಲ್ಲೇ ತುಂಡಾಗಿದೆ. ಗ್ಲಾಸಿನ ದಾರೀಲಿ ಕೈ ಇಡಬೇಡಿ.

ತೀರ್ಥಹಳ್ಳಿಗ:
ಸಿಕ್ತು ಸರ್! ಡ್ರೈವರ್ ಬಾಗಿಲು ಪೂರ್ತಿ ತೆಗೆದಾಗ ಏರಿತು. ರಬ್ಬರ್ ಜಾರಿಸಿ ನೋಡಿದ್ರೆ ಒಂದು ವೈರು ತುಂಡಾಗಿ ಹಸಿರುಗಟ್ಟಿದೆ. ತಿರುಚಿ ಟೇಪ್ ಸುತ್ತಲಾ?

ತಂತಿಮನೆ:
ಬೇಡ, ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಬಿಡುತ್ತೆ. ಬ್ಯಾಟರಿ ಮೈನಸ್ ಬಿಚ್ಚಿ. ಅದೇ ದಪ್ಪದ, ಬಹು ಎಳೆಯ ಮೆತ್ತಗಿನ ವೈರ್ ತುಂಡು ಸೇರಿಸಿ, ಎರಡೂ ಜಾಯಿಂಟ್ ರಬ್ಬರ್ ಕೊಳವೆಯಿಂದ ಆಚೆ ಬರೋ ಹಾಗೆ ಬೆಸುಗೆ ಹಾಕಿ. ಮಡಚೋ ಜಾಗದಲ್ಲಿ ಬೆಸುಗೆ ಇದ್ರೆ ಅದರ ಪಕ್ಕದಲ್ಲೇ ಮುರಿಯುತ್ತೆ. ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ). ಪಕ್ಕದ ವೈರುಗಳನ್ನೂ ಒಂದೊಂದಾಗಿ ಬಗ್ಗಿಸಿ ನೋಡಿ, ಒಂದು ಹೋಗಿದೆ ಅಂದ್ರೆ ಇನ್ನೊಂದು ಸಾಲಲ್ಲಿರುತ್ತೆ.

ಕರಾವಳಿ ಕಾರು:
ಜಾಯಿಂಟ್‌ಗಾಗಿ ಬಾಗಿಲ ಪ್ಯಾಡ್ (ಒಳಗಡೆಯ ಹೊದಿಕೆ) ಬಿಚ್ಚಿದ್ರೆ ಒಳಗೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಹರೀಬೇಡಿ. ಗ್ಲಾಸಿಂದ ಇಳಿಯೋ ನೀರು ಸೀಟಿನ ಕಡೆ ಬರದಂತೆ ತಡೆಯೋದು ಅದೇ. ಮೊದಲಿದ್ದ ಹಾಗೇ ಅಂಟಿಸಿ, ಬಾಗಿಲ ಬುಡದ ನೀರಿನ ತೂತುಗಳಲ್ಲಿ ಮಣ್ಣು ಕಟ್ಟಿದ್ರೆ ತೆಗೀರಿ.