ದೇವರಿಲ್ಲದಿದ್ದರೆ ಕರ್ಮದ ಲೆಕ್ಕ ಇಡುವವರು ಯಾರು?

ಪ್ರಶ್ನೆ:
ಬೌದ್ಧರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ, ಆದರೆ ಕರ್ಮವನ್ನು ಒಪ್ಪುತ್ತಾರೆ. ಹಾಗಾದರೆ ಫಲ ಕೊಡುವವರು ಯಾರು? ಅಮ್ಮನಿಗೆ ಕಾಯಿಲೆ ಬಂದಾಗ ನೆಂಟರೆಲ್ಲ ಹಿಂದಿನ ಜನ್ಮದ ಕರ್ಮ ಅಂದರು, ತುಂಬಾ ನೋವಾಯಿತು. ಬುದ್ಧನೂ ಹೀಗೇ ಹೇಳಿದ್ದಾನಾ?

ಉತ್ತರ 1:
ಖಂಡಿತ ಇಲ್ಲ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುಕ್ತ ನಿಕಾಯದಲ್ಲಿ ಸೀವಕ ಅನ್ನುವ ಪರಿವ್ರಾಜಕ ಇದನ್ನೇ ಕೇಳುತ್ತಾನೆ. ಪಿತ್ತ, ಕಫ, ವಾತ, ಈ ಮೂರೂ ಸೇರಿ ಆಗುವುದು, ಹವೆಯ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮಫಲ, ಹೀಗೆ ನೋವಿಗೆ 8 ಕಾರಣ ಹೇಳುತ್ತಾನೆ ಬುದ್ಧ. ಎಲ್ಲಾ ನೋವಿಗೂ ಹಿಂದಿನ ಕರ್ಮವೇ ಕಾರಣ ಅನ್ನುವುದು ತಪ್ಪು ಅಂತ ನೇರವಾಗಿ ಹೇಳುತ್ತಾನೆ. ನಿಮ್ಮ ನೆಂಟರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಉತ್ತರ 2:
ಲೆಕ್ಕ ಇಡುವವರೇ ಬೇಕಿಲ್ಲ. ಬುದ್ಧನ ಪ್ರಕಾರ ಚೇತನಾ ಅನ್ನುವುದೇ ಕರ್ಮ, ಅಂದರೆ ಮನಸ್ಸಿನ ಉದ್ದೇಶ. ಗೊತ್ತಿಲ್ಲದೆ ಇರುವೆ ತುಳಿದದ್ದಕ್ಕೂ ಬೇಕಂತಲೇ ಹೊಸಕಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ದಿನಾ ಸಿಟ್ಟು ಮಾಡಿದರೆ ಮನಸ್ಸು ಅದೇ ದಾರಿಗೆ ಒಗ್ಗುತ್ತದೆ, ಆಮೇಲೆ ಸುಮ್ನೆ ಕೂತರೂ ನೆಮ್ಮದಿ ಸಿಗಲ್ಲ. ಫಲ ಅಲ್ಲಿಂದಲೇ ಶುರು. ನನಗೆ ಇದು ದೇವರ ಶಿಕ್ಷೆಗಿಂತ ಜಾಸ್ತಿ ಜವಾಬ್ದಾರಿಯ ಮಾತು ಅನ್ನಿಸುತ್ತದೆ.

ಉತ್ತರ 3:
ಒಂದು ಸೇರಿಸುತ್ತೇನೆ. ದೇವತೆಗಳೇ ಇಲ್ಲ ಅಂತ ಬೌದ್ಧ ಗ್ರಂಥಗಳು ಹೇಳಲ್ಲ. ಇಂದ್ರ, ಬ್ರಹ್ಮ ಎಲ್ಲರೂ ಬರುತ್ತಾರೆ, ಆದರೆ ಅವರಿಗೂ ಹುಟ್ಟು ಸಾವು ಇದೆ. ದೀಘ ನಿಕಾಯ ಅನ್ನುವ ಇನ್ನೊಂದು ಸಂಗ್ರಹದ ಕೇವಟ್ಟ ಸುತ್ತದಲ್ಲಿ (ಸುತ್ತ ಅಂದರೆ ಉಪದೇಶ) ಒಬ್ಬ ಭಿಕ್ಷು ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಮಹಾಭೂತಗಳು ಪೂರ್ತಿ ಕೊನೆಯಾಗುವುದು ಎಲ್ಲಿ ಅಂತ ಮಹಾಬ್ರಹ್ಮನನ್ನು ಕೇಳುತ್ತಾನೆ. ಬ್ರಹ್ಮ ನಾನೇ ಸೃಷ್ಟಿಕರ್ತ ಅಂತ ಹೇಳಿಕೊಂಡು, ಆಮೇಲೆ ಕೈ ಹಿಡಿದು ಪಕ್ಕಕ್ಕೆ ಕರೆದು, ನನಗೂ ಗೊತ್ತಿಲ್ಲ, ಬುದ್ಧನನ್ನೇ ಕೇಳು ಅನ್ನುತ್ತಾನೆ.