ಕಲ್ಯಾಣದ ರಾಜಸ್ತ್ರೀಯರ ಬಗ್ಗೆ ಹೊಸ ಕಾದಂಬರಿ: ಅಕ್ಕಾದೇವಿ ನಿಜಕ್ಕೂ ಆಳಿದ್ದಳೆ?

ಪ್ರಶ್ನೆ (ಕಾದಂಬರಿಪ್ರಿಯ):
ಕಲ್ಯಾಣದ ಚಾಲುಕ್ಯರ ರಾಜಮನೆತನದ ಸ್ತ್ರೀಯರನ್ನು ಕುರಿತ ಹೊಸ ಐತಿಹಾಸಿಕ ಕಾದಂಬರಿಯೊಂದು ಕಳೆದ ವಾರ ಅಂಚೆಯಲ್ಲಿ ಕೈಸೇರಿತು. ಅರ್ಧವಷ್ಟೇ ಓದಿರುವುದರಿಂದ ಹೆಸರು ಹೇಳುವುದು ಸರಿಯಲ್ಲ. ಭಾಷೆ ಸೊಗಸಾಗಿದೆ, ಕಥೆಗೆ ಓಟವೂ ಇದೆ. ಆದರೆ ಅಕ್ಕಾದೇವಿಯ ಪ್ರಸಂಗ ಬಂದಾಗಲೆಲ್ಲ ಅನುಮಾನ ಕಾಡುತ್ತದೆ. ಒಂದು ಅಧ್ಯಾಯದಲ್ಲಿ ಕತ್ತಿ ಹಿರಿದು ಕೋಟೆಗೆ ನುಗ್ಗುವವಳು ಮುಂದಿನ ಅಧ್ಯಾಯದಲ್ಲಿ ಸವತಿಯರ ಪಿಸುಮಾತಿಗೆ ಕಿವಿಗೊಟ್ಟು ಕಣ್ಣೀರಿಡುತ್ತಾಳೆ. ಇವೆರಡರ ನಡುವೆ ಆಡಳಿತವೆಂಬುದು ಎಲ್ಲಿಯೂ ಕಾಣುವುದಿಲ್ಲ. 11ನೆಯ ಶತಮಾನದ ರಾಜಕುಮಾರಿಯೊಬ್ಬಳು ನಾಡನ್ನು ನಿಜವಾಗಿ ಆಳಿದ್ದಳೆ, ಅಥವಾ ಶಾಸನಗಳ ಹೊಗಳಿಕೆಯನ್ನೇ ನಾವು ಅಧಿಕಾರವೆಂದು ಓದಿಕೊಳ್ಳುತ್ತಿದ್ದೇವೆಯೆ? ಬಲ್ಲವರು ತಿಳಿಸಬೇಕು.

ಉತ್ತರ 1 (ಶಾಸನಾಸಕ್ತ):
ತಮ್ಮ ಅನುಮಾನ ನ್ಯಾಯವಾದದ್ದೇ. ಶಾಸನದ ಪ್ರಶಸ್ತಿ ಭಾಗವನ್ನು, ಎಂದರೆ ಹೊಗಳಿಕೆಯ ಭಾಗವನ್ನು, ಮಾತ್ರ ಓದಿದರೆ ಎಲ್ಲರೂ ಶೂರರು, ಎಲ್ಲರೂ ದಾನಿಗಳು. ಆದ್ದರಿಂದ ಅದನ್ನು ದಾಟಿ, ಯಾರು ಯಾರಿಗೆ ಏನನ್ನು ಯಾವ ಕಟ್ಟುಪಾಡಿನೊಡನೆ ಬಿಟ್ಟುಕೊಟ್ಟರು ಎಂಬ ಭಾಗಕ್ಕೆ ಬರಬೇಕು. ಅಕ್ಕಾದೇವಿ ಐದನೆಯ ವಿಕ್ರಮಾದಿತ್ಯನಿಗೂ ಎರಡನೆಯ ಜಯಸಿಂಹನಿಗೂ ಸೋದರಿ, ಒಂದನೆಯ ಸೋಮೇಶ್ವರನಿಗೆ ಸೋದರತ್ತೆ. ಗದಗ ಜಿಲ್ಲೆಯ ಸೂಡಿಯಲ್ಲಿರುವ 1010ರ ಶಾಸನದಲ್ಲಿಯೇ ಆಕೆ ಕಿಸುಕಾಡು ಎಪ್ಪತ್ತನ್ನು, ಎಂದರೆ ಎಪ್ಪತ್ತು ಊರುಗಳ ನಾಡನ್ನು, ಆಳುತ್ತಿರುವುದು ಕಾಣುತ್ತದೆ. ಮೂವರು ಅರಸರ ಕಾಲದಲ್ಲಿ, ಹಲವು ದಶಕಗಳ ಕಾಲ, ಒಬ್ಬಳೇ ಹೆಣ್ಣುಮಗಳ ಹೆಸರು ಆಡಳಿತದ ದಾಖಲೆಗಳಲ್ಲಿ ಬರುತ್ತಲೇ ಇರುವಾಗ ಅದನ್ನು ಬರಿಯ ಗೌರವವೆಂದು ತಳ್ಳಿಹಾಕಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಕಾದಂಬರಿಕಾರರಿಗೆ ಬೇಕಾದ ನಿಜವಾದ ಸಾಮಗ್ರಿ ಇರುವುದು 1050ರ ಸೂಡಿ ಶಾಸನದಲ್ಲಿ. ಚೋಳರೊಡನೆ ನಡೆದ ಯುದ್ಧಗಳ ಗೊಂದಲದಲ್ಲಿ ಊರಿನ ಹಳೆಯ ಕಟ್ಟುಪಾಡು ಕೆಟ್ಟುಹೋಗಿತ್ತು. ಅಲ್ಲಿನ ಎಂಟು ಸೆಟ್ಟಿಗಳು ಹಾಗೂ ಎಂಬತ್ತು ಒಕ್ಕಲುಗಳಿಗೆ ಆ ವ್ಯವಸ್ಥೆಯನ್ನು ಹೊಸದಾಗಿ ಊರ್ಜಿತಗೊಳಿಸಿಕೊಟ್ಟವಳು ಅಕ್ಕಾದೇವಿ. ಯುದ್ಧದಿಂದ ನಲುಗಿದ ಒಂದು ವ್ಯಾಪಾರದ ಊರು, ತಮ್ಮ ಹಕ್ಕುಗಳು ಮತ್ತೆ ಕಲ್ಲಿನ ಮೇಲೆ ಮೂಡಲೆಂದು ಕಾಯುತ್ತಿರುವ ಸೆಟ್ಟಿಗಳು, ಅದನ್ನು ತೀರ್ಮಾನಿಸುವ ವಯಸ್ಸಾದ ರಾಜಕುಮಾರಿ: ಇಂಥ ದೃಶ್ಯ ಕೈಯಲ್ಲಿರುವಾಗ ಪಿಸುಮಾತಿನ ಮೊರೆಹೋದವರ ಬಗ್ಗೆ ಸ್ವಲ್ಪ ಮರುಕವೇ ಆಗುತ್ತದೆ.

ಉತ್ತರ 2 (ಹಳೆಯ ಓದುಗ):
ಶಾಸನಾಸಕ್ತರ ಮಾತಿನಲ್ಲಿ ಹುರುಳಿದೆಯಾದರೂ ಕಾದಂಬರಿಕಾರರನ್ನು ಅಷ್ಟು ಸುಲಭವಾಗಿ ಕಟಕಟೆಯಲ್ಲಿ ನಿಲ್ಲಿಸಬಾರದು. ರಾಣಿಯನ್ನು ಶೃಂಗಾರದ ಕಥೆಯಾಗಿಸುವ ಚಾಳಿ ಆಸ್ಥಾನದಿಂದಲೇ ಬಂದದ್ದು. ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನು ಕರಹಾಟದ ಶಿಲಾಹಾರ ರಾಜಕುಮಾರಿ ಚಂದ್ರಲೇಖೆಯ, ಎಂದರೆ ನಮ್ಮ ಚಂದಲದೇವಿಯ, ಸ್ವಯಂವರವನ್ನು ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಎಷ್ಟು ವಿಸ್ತಾರವಾಗಿ ವರ್ಣಿಸಿದ್ದಾನೆ! ಸವತಿಮತ್ಸರವೂ ಪೂರ್ತಿ ಕಟ್ಟುಕಥೆಯಲ್ಲ. ಹೊಯ್ಸಳರ ಶಾಂತಲೆಯು ‘ಉದ್ವೃತ್ತ ಸವತಿ ಗಂಧವಾರಣೆ’, ಎಂದರೆ ಸೊಕ್ಕಿದ ಸವತಿಯರಿಗೆ ಮದ್ದಾನೆಯಂಥವಳು, ಎಂಬ ಬಿರುದನ್ನು ಹೊತ್ತಿದ್ದಷ್ಟೇ ಅಲ್ಲದೆ, ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೂ ಆ ಹೆಸರೇ ನಿಂತಿತು. ಅರಮನೆಯೊಳಗಿನ ಪೈಪೋಟಿಯನ್ನು ಜಿನಾಲಯದ ಹೆಸರಿನಲ್ಲಿಯೇ ಸಾರಿದ ಕಾಲವದು. ಆದರೆ ಅಕ್ಕಾದೇವಿಯ ವಿಷಯ ಬೇರೆ. ಆಕೆಯ ಬಲ ತವರಿನಿಂದ, ಹುಟ್ಟಿನಿಂದ ಬಂದದ್ದು. ಅಣ್ಣತಮ್ಮಂದಿರ ರಾಜ್ಯದಲ್ಲಿ ಆಳಿದವಳ ಕಣ್ಣೀರಿಗೆ ಸವತಿಯರನ್ನು ಕಾರಣ ಮಾಡಿದ್ದು ನನಗೂ ಸರಿಯೆನಿಸುವುದಿಲ್ಲ.

ಮರುಪ್ರಶ್ನೆ (ಕಾದಂಬರಿಪ್ರಿಯ):
ಇಬ್ಬರಿಗೂ ಧನ್ಯವಾದ. ಹಾಗಾದರೆ ಕೋಟೆಯ ಮುತ್ತಿಗೆಯೂ ಕಲ್ಪನೆಯೆ?

ಉತ್ತರ 3 (ಶಾಸನಾಸಕ್ತ):
ಮುತ್ತಿಗೆ ನಿಜ, ಕತ್ತಿ ಮಾತ್ರ ಲೇಖಕರದು. ಬಾಗಲಕೋಟೆ ಜಿಲ್ಲೆಯ ಅರಸಿಬೀದಿ ಆಗ ವಿಕ್ರಮಪುರವೆನಿಸಿ ಆಕೆಯ ನೆಲೆವೀಡಾಗಿತ್ತು. ಅಲ್ಲಿನ 1047ರ ಶಾಸನದ ಪ್ರಕಾರ ಅಕ್ಕಾದೇವಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದಳು. ಹಾಗಿರುವಾಗಲೇ ವಿಕ್ರಮಪುರದ ಜಿನಾಲಯಕ್ಕೆ ದತ್ತಿ ಬಿಟ್ಟಳು. 1010ರಲ್ಲಿಯೇ ನಾಡನ್ನು ಆಳುತ್ತಿದ್ದವಳಿಗೆ ಆ ಹೊತ್ತಿಗೆ ಕಡಿಮೆಯೆಂದರೂ ಐವತ್ತು ದಾಟಿರಬೇಕು. ತಮ್ಮ ಕಾದಂಬರಿಯ ಆ ಅಧ್ಯಾಯದಲ್ಲಿ ಆಕೆಯ ವಯಸ್ಸನ್ನು ಎಷ್ಟೆಂದು ತೋರಿಸಿದ್ದಾರೆ, ನೋಡಿ ಹೇಳಿ. ಇಪ್ಪತ್ತರ ಯುವತಿಯಾಗಿದ್ದರೆ ಉಳಿದರ್ಧವನ್ನು ಕಥೆಯೆಂದೇ ಓದಿಕೊಳ್ಳಿ.